ಪೀಪಾಯಿಯಲ್ಲಿ ಬೀರ್ ತಿಳಿಯಾಗಿದೆ, ಗಾಡಿಯಲ್ಲಿ ಒಯ್ದರೆ ಮತ್ತೆ ಕದಡುತ್ತದೆ. ದಾರಿ ಏನು?

ನೊರೆಗಾರ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಮಾಡಿದ ಪೇಲ್ ಏಲ್ ಬೀರ್ ಒಂದು ಪ್ಲಾಸ್ಟಿಕ್ ಪ್ರೆಶರ್ ಪೀಪಾಯಿಯಲ್ಲಿ ಕೂತಿದೆ. ಸುಮಾರು 23 ಲೀಟರ್. ಈಸ್ಟ್ ಎಸ್-04 ಅನ್ನುವ ತಳಿ, ಪ್ರೈಮಿಂಗ್‌ಗೆ (ಪೀಪಾಯಿಯಲ್ಲೇ ಗ್ಯಾಸ್ ಕಟ್ಟಲು) 80 ಗ್ರಾಂ ಸಕ್ಕರೆ. ಈಗ ನಲ್ಲಿ ತಿರುಗಿಸಿದರೆ ಲೋಟದ ಆಚೆ ಬದಿಯ ಬೆರಳು ಕಾಣುವಷ್ಟು ತಿಳಿ. ರುಚಿಯೂ ಚೆನ್ನಾಗಿ ಕೂಡಿಕೊಂಡಿದೆ.

ಇದನ್ನು ಗೆಳೆಯನ ಮನೆಯ ಕೂಟಕ್ಕೆ ಒಯ್ಯಬೇಕು. ಮೂರು ಗಂಟೆ ದಾರಿ, ಕೊನೆಯ ಭಾಗ ಪೂರ್ತಿ ಗುಂಡಿ. ತಳದಲ್ಲಿ ಕೂತ ಈಸ್ಟ್ ಮಡ್ಡಿ ಎಲ್ಲ ಮೇಲೆದ್ದು ಬೀರ್ ಬಗ್ಗಡ ಆಗುವುದು ಖಂಡಿತ. ಕೂಟ ಶನಿವಾರ ಸಂಜೆ. ನಾನು ಶುಕ್ರವಾರ ಹೊರಡಬಹುದು, ಬೇಕೇ ಬೇಕು ಅಂದರೆ ಗುರುವಾರ.

ನನಗೆ ಹೊಳೆದಿರುವುದು ಎರಡೇ. ಹೊರಡುವ ಮೊದಲು ತಿಳಿ ಬೀರನ್ನು ಮಾತ್ರ ಬೇರೆ ಪೀಪಾಯಿಗೆ ಇಳಿಸಿಕೊಳ್ಳುವುದು. ಇಲ್ಲವೇ ಇದ್ದ ಹಾಗೇ ಒಯ್ದು, ಅಲ್ಲಿ ಫೈನಿಂಗ್ಸ್ (ಬೀರನ್ನು ತಿಳಿಯಾಗಿಸಲು ಹಾಕುವ ಪದಾರ್ಥ) ಹಾಕಿ ಮತ್ತೆ ಕೂರಲು ಬಿಡುವುದು. ಮಾಡಿ ನೋಡಿದವರು ಹೇಳಿ.

ತಳಮಡ್ಡಿ:
ಯೋಚನೆಯೇ ಬೇಡ. ತಿಳಿ ಬೀರ್ ಇಳಿಸಿಕೊಳ್ಳಿ. ಮಡ್ಡಿಯೇ ಇಲ್ಲದಿದ್ದರೆ ಕದಡುವುದು ಏನನ್ನ?

ಮರದಪೀಪಾಯಿ:
ನನಗೆ ಇದು ಒಪ್ಪಿಗೆ ಇಲ್ಲ. ಬೀರ್ ಬಗ್ಗಡ ಆಗುವುದಕ್ಕಿಂತ ಗಾಳಿ ಸೇರುವುದು ದೊಡ್ಡ ನಷ್ಟ. ಬಗ್ಗಡ ಆದ ಬೀರ್ ಮತ್ತೆ ತಿಳಿಯಾಗುತ್ತದೆ. ಗಾಳಿ ಕುಡಿದ ಬೀರ್ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಒದ್ದೆ ರಟ್ಟಿನ ವಾಸನೆ ಬಂತು ಅಂದರೆ ಮುಗಿಯಿತು. ಸೈಫನ್ ಕೊಳವೆ ಹಾಕಿ ತೆರೆದ ಪೀಪಾಯಿಗೆ ಇಳಿಸಿದರೆ ಎಷ್ಟು ಜೋಪಾನ ಮಾಡಿದರೂ ಗಾಳಿ ಸೇರುತ್ತದೆ. ಮೇಲಾಗಿ ಅಷ್ಟು ದಿನ ಕೂಡಿಸಿದ ಗ್ಯಾಸ್ ಅರ್ಧ ಹೊರಗೆ ಹೋಗುತ್ತದೆ.

ಇನ್ನೊಂದು ವಿಷಯ. ಪೀಪಾಯಿಯಲ್ಲಿ ಜೀವಂತ ಈಸ್ಟ್ ಇರುವುದು ಕಾವಲು ಇದ್ದ ಹಾಗೆ. ಒಳಗೆ ಸೇರಿದ ಅಲ್ಪಸ್ವಲ್ಪ ಆಮ್ಲಜನಕವನ್ನು ಅದು ಹೀರಿಕೊಳ್ಳುತ್ತದೆ. ಮಡ್ಡಿಯಿಂದ ಬೇರೆ ಮಾಡಿದಿರಿ ಅಂದರೆ ಆ ಕಾವಲೂ ಬಹುಪಾಲು ಹೋಯಿತು.

ತಳಮಡ್ಡಿ:
ಒಂದೆರಡು ದಿನದಲ್ಲಿ ಖಾಲಿಯಾಗುವ ಬೀರಿಗೆ ಅಷ್ಟು ಭಯ ಯಾಕೆ? ಬ್ರಿಟನ್ನಿನ ಹಬ್ಬದ ಡೇರೆಗಳಲ್ಲಿ ಕಾಸ್ಕ್ (ಬೀರ್ ಒಳಗೇ ಹದವಾಗುವ ಪೀಪಾಯಿ) ಇಟ್ಟು ಕೂರಿಸಲು ಸಮಯ ಇಲ್ಲದಾಗ ಹೀಗೇ ಮಾಡುತ್ತಾರೆ. ತಿಳಿ ಬೀರ್ ಮಾತ್ರ ಬೇರೆ ಕಾಸ್ಕ್‌ಗೆ ಇಳಿಸಿ, ಒಯ್ದು, ಅದೇ ದಿನ ಸುರಿಯುತ್ತಾರೆ. ಹೌದು, ಬೇಗ ಮುಗಿಸಬೇಕು. ಕೂಟದಲ್ಲಿ 23 ಲೀಟರ್ ಎಷ್ಟು ಹೊತ್ತು ಉಳಿಯುತ್ತದೆ ಹೇಳಿ?

ಗ್ಯಾಸ್‌ಗಾಡಿ:
ಇಬ್ಬರೂ ಅರ್ಧ ಅರ್ಧ ಸರಿ. ಇಳಿಸುವುದು ತಪ್ಪಲ್ಲ, ತೆರೆದು ಇಳಿಸುವುದು ತಪ್ಪು. ಗ್ಯಾಸ್ ಸಿಲಿಂಡರ್ ಮತ್ತು 19 ಲೀಟರಿನ ಕಾರ್ನೀಲಿಯಸ್ ಕೆಗ್ (ಒತ್ತಡ ತಾಳುವ ಸ್ಟೀಲ್ ಪಾತ್ರೆ) ಇದ್ದರೆ ಹೀಗೆ ಮಾಡಿ. ಕೆಗ್‌ಗೆ ಸ್ಯಾನಿಟೈಸರ್ ದ್ರಾವಣವನ್ನು ಕಂಠದವರೆಗೆ ತುಂಬಿ. ಮುಚ್ಚಳ ಹಾಕಿ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಒತ್ತಡದಿಂದ ಆ ದ್ರಾವಣವನ್ನು ಪೂರ್ತಿ ಹೊರಗೆ ತಳ್ಳಿ. ಈಗ ಕೆಗ್ ಒಳಗೆ ಗಾಳಿಯೇ ಇಲ್ಲ, ಬರೀ ಗ್ಯಾಸ್. ಪೀಪಾಯಿಯ ನಲ್ಲಿಗೆ ಕೊಳವೆ ಸಿಕ್ಕಿಸಿ, ಅದನ್ನು ಕೆಗ್‌ನ ಬೀರ್ ಪೋಸ್ಟ್‌ಗೆ (ಬೀರ್ ಹೋಗುವ ಬಾಯಿಗೆ) ಜೋಡಿಸಿ. ಬೀರ್ ತಳದಿಂದ ಮೇಲಕ್ಕೆ ತುಂಬುತ್ತದೆ. ಗ್ಯಾಸ್ ಪೋಸ್ಟ್‌ನಿಂದ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಿ. ಎರಡೂ ಪಾತ್ರೆ ತಣ್ಣಗಿರಬೇಕು, ಇಲ್ಲದಿದ್ದರೆ ಬರೀ ನೊರೆ ತುಂಬುತ್ತದೆ.

ಗ್ಯಾಸನ್ನು ಸುಮ್ನೆ ಒಂದು ಸಲ ಊದಿ ಬಿಟ್ಟರೆ ಗಾಳಿ ಹೋಗುವುದಿಲ್ಲ. ಭಾರದ ಗ್ಯಾಸ್ ಕೆಳಗೆ ಹಾಸಿಕೊಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಊದುವ ರಭಸಕ್ಕೆ ಎರಡೂ ಬೆರೆತುಬಿಡುತ್ತವೆ. ದ್ರಾವಣ ತುಂಬಿ ತಳ್ಳುವುದೇ ಖಾತ್ರಿ.

ನೊರೆಗಾರ:
ಸಿಲಿಂಡರ್ ಇಲ್ಲ, ಕೆಗ್ ಇಲ್ಲ. ಪೀಪಾಯಿಯ ವಾಲ್ವ್‌ಗೆ ಹಾಕುವ 8 ಗ್ರಾಂ ಗ್ಯಾಸ್ ಬಲ್ಬ್‌ಗಳು ಮಾತ್ರ ಇವೆ.

ತಣ್ಣನೆಕೋಣೆ:
ಅದರಿಂದ ಇನ್ನೊಂದು ಪಾತ್ರೆಯ ಗಾಳಿಯನ್ನು ಪೂರ್ತಿ ಓಡಿಸುವುದು ಕಷ್ಟ. ಆ ಬಲ್ಬ್‌ಗಳನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಿ, ಕೆಳಗೆ ಹೇಳುತ್ತೇನೆ.

ಮೊದಲ ಪ್ರಶ್ನೆ, ನಿಮ್ಮ ಮಡ್ಡಿ ಎಂಥದ್ದು? ಎಸ್-04 ಚೆನ್ನಾಗಿ ಗಟ್ಟಿಯಾಗಿ ಕೂರುವ ಈಸ್ಟ್. ಅದು ಕದಡಿದರೂ ಬೇಗ ಇಳಿಯುತ್ತದೆ. ಗೋಧಿ ಬೀರಿನ ಈಸ್ಟ್ ಆಗಿದ್ದರೆ ಬೇರೆ ಮಾತು. ನಿಮ್ಮದರಲ್ಲಿ ಫೈನಿಂಗ್ಸ್ ಬೇಕೋ ಬೇಡವೋ ಅಂತ ಊಹೆ ಮಾಡುವ ಬದಲು ಪರೀಕ್ಷೆ ಮಾಡಿ.

ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಪೀಪಾಯಿಯನ್ನು ಒಂದು ಸಲ ಸ್ವಲ್ಪ ಅಲುಗಾಡಿಸಿ, ಮಡ್ಡಿ ಎದ್ದ ಬೀರನ್ನು ಎರಡಕ್ಕೂ ಹಿಡಿಯಿರಿ. ಒಂದಕ್ಕೆ ಏನೂ ಹಾಕಬೇಡಿ. ಇನ್ನೊಂದಕ್ಕೆ ಐಸಿಂಗ್‌ಗ್ಲಾಸ್ ಅನ್ನುವ ಫೈನಿಂಗ್ಸ್ ಹಾಕಿ, ಪೊಟ್ಟಣದ ಮೇಲಿನ ಅಳತೆಯನ್ನು ಬಾಟಲಿಗೆ ತಕ್ಕಂತೆ ಇಳಿಸಿಕೊಂಡು. ಎರಡನ್ನೂ ಮುಚ್ಚಿ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ, ಪಕ್ಕಪಕ್ಕ ನಿಲ್ಲಿಸಿ. ಕೂಟದ ಜಾಗದಲ್ಲಿ ಎಷ್ಟು ಬಿಸಿ ಇರುತ್ತದೋ ಅಷ್ಟೇ ಬಿಸಿಯ ಕಡೆ ಇಡಿ. ಹಿಂದೆ ಒಂದು ದೀಪ ಇಟ್ಟು ಆಗಾಗ ನೋಡಿ. ಮೊದಲು ಕುತ್ತಿಗೆಯ ಹತ್ತಿರ ತಿಳಿಯ ಒಂದು ತೆಳು ಪಟ್ಟಿ ಕಾಣುತ್ತದೆ, ಅದು ಮೆಲ್ಲಗೆ ಕೆಳಗೆ ಇಳಿಯುತ್ತಾ ಬರುತ್ತದೆ. ಯಾವ ಬಾಟಲಿಯಲ್ಲಿ ಆ ಪಟ್ಟಿ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡಿದರೆ ಉತ್ತರ ಸಿಗುತ್ತದೆ.

ಬಾಟಲಿಗಿಂತ ಪೀಪಾಯಿ ಎತ್ತರ, ಹಾಗಾಗಿ ಅಲ್ಲಿ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಲೆಕ್ಕದಮೇಷ್ಟ್ರು:
ಮೇಲಿನ ಮಾತಿಗೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ದ್ರವದಲ್ಲಿ ಸಣ್ಣ ಕಣ ಕೆಳಗೆ ಇಳಿಯುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಇದು ಸ್ಟೋಕ್ಸ್ ನಿಯಮ. ಕಣ ಎರಡು ಪಟ್ಟು ದಪ್ಪ ಆದರೆ ನಾಲ್ಕು ಪಟ್ಟು ಬೇಗ ಇಳಿಯುತ್ತದೆ. ಹತ್ತು ಪಟ್ಟು ದಪ್ಪ ಆದರೆ ನೂರು ಪಟ್ಟು.

ಒಂಟಿ ಈಸ್ಟ್ ಕೋಶ 5ರಿಂದ 10 ಮೈಕ್ರಾನ್ ಇರುತ್ತದೆ. ಅದು ಒಂದೊಂದೇ ಇಳಿದರೆ ಗಂಟೆಗೆ ಕೆಲವೇ ಮಿಲಿಮೀಟರ್. ಪೀಪಾಯಿ ತಿಳಿಯಾಗಲು ಎಷ್ಟೋ ದಿನ ಬೇಕು. ಫೈನಿಂಗ್ಸ್ ಮಾಡುವುದು ಇಷ್ಟೇ, ಕೋಶಗಳನ್ನು ಒಟ್ಟು ಸೇರಿಸಿ ಮುದ್ದೆ ಮಾಡುತ್ತದೆ. ಈಸ್ಟ್ ಮೇಲ್ಮೈ ಋಣ ವಿದ್ಯುತ್ತಿನದ್ದು, ಬೀರಿನ ಆಮ್ಲದಲ್ಲಿ ಐಸಿಂಗ್‌ಗ್ಲಾಸ್ ಧನ ವಿದ್ಯುತ್ತಿನದ್ದು. ಎರಡೂ ಅಂಟಿಕೊಳ್ಳುತ್ತವೆ. ಮುದ್ದೆ ದಪ್ಪ ಆಯಿತು, ಇಳಿಯುವ ವೇಗ ಏರಿತು. ಈಸ್ಟ್ ತಾನಾಗಿ ಮುದ್ದೆ ಕಟ್ಟಬೇಕಾದರೆ ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇರಬೇಕು, ಅದನ್ನು ಮಾತ್ರ ಈಗ ಸರಿ ಮಾಡಲು ಆಗುವುದಿಲ್ಲ.

ಕಾಸ್ಕ್‌ಗಳನ್ನು ಮಲಗಿಸಿ ಇಡುವುದರ ಒಂದು ಲಾಭವೂ ಇದೇ. ಮಲಗಿಸಿದಾಗ ಇಳಿಯಬೇಕಾದ ಎತ್ತರ ಕಮ್ಮಿ. ನೊರೆಗಾರರ ಪೀಪಾಯಿ ನಿಲ್ಲಿಸುವ ಥರದ್ದು, ಅದನ್ನು ಮಲಗಿಸಲು ಹೋಗಬೇಡಿ.

ಮರದಪೀಪಾಯಿ:
ಸರಿಯಾಗಿ ಹೇಳಿದಿರಿ. ಈಗ ನನ್ನ ಮುಖ್ಯ ಮಾತು. ಫೈನಿಂಗ್ಸನ್ನು ಅಲ್ಲಿ ಹೋಗಿ ಹಾಕಬೇಡಿ, ಇಲ್ಲೇ ಹಾಕಿ. ಹೊರಡುವುದಕ್ಕೆ ಮೊದಲು.

ಎಲ್ಲರೂ ದಾರಿಯ ಕುಲುಕಾಟವನ್ನು ಶತ್ರು ಅಂತ ನೋಡುತ್ತಾರೆ. ಕಾಸ್ಕ್ ಬೀರ್ ಮಾಡುವ ಬ್ರೂವರಿಗಳು ಅದನ್ನೇ ಕೆಲಸಕ್ಕೆ ಹಚ್ಚುತ್ತವೆ. ಕಾಸ್ಕ್ ತುಂಬುವಾಗಲೇ ಐಸಿಂಗ್‌ಗ್ಲಾಸ್ ಹಾಕಿ ಬಿರಡೆ ಬಡಿಯುತ್ತಾರೆ. ಲಾರಿಯಲ್ಲಿ ಉರುಳಿ, ಇಳಿಸುವಾಗ ಉರುಳಿ, ಅದು ಇಡೀ ಬೀರಿಗೆ ಸಮನಾಗಿ ಬೆರೆಯುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ ಮರದ ಅಡ್ಡೆಯ ಮೇಲೆ ಮಲಗಿಸಿ ಅಲುಗಾಡದಂತೆ ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿ. ಮತ್ತೆ ಯಾರಾದರೂ ಅಲುಗಾಡಿಸಿದರೂ ಮತ್ತೆ ಇಳಿಯುತ್ತದೆ. ಐಸಿಂಗ್‌ಗ್ಲಾಸ್‌ಗೆ ಆ ಗುಣ ಇದೆ, ಕೆಲವು ಸಲ ಕದಡಿದರೂ ಕೆಲಸ ಮಾಡುತ್ತದೆ. ಹಾಗಂತ ಪದೇ ಪದೇ ಕದಡಿದರೆ ಪ್ರತಿ ಸಲವೂ ಸ್ವಲ್ಪ ಸೋಲುತ್ತದೆ.

ಹಾಗಾಗಿ ಗುರುವಾರವೇ ಹೊರಡಿ. ಶುಕ್ರವಾರ ರಾತ್ರಿ ತಲುಪಿ ಶನಿವಾರ ಸಂಜೆ ಸುರಿಯುವುದು ಬಿಗಿಯಾಯಿತು.

ಹಸಿರೆಲೆ:
ಒಂದು ಮಾತು. ಐಸಿಂಗ್‌ಗ್ಲಾಸ್ ಅಂದರೆ ಮೀನಿನ ಗಾಳಿಚೀಲದಿಂದ ತೆಗೆದ ಕೊಲಾಜೆನ್. ಇನ್ನೊಂದು ಫೈನಿಂಗ್ಸ್ ಆದ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಬಹುಪಾಲು ತಳಕ್ಕೆ ಇಳಿದು ಹೋಗುತ್ತದೆ, ನಿಜ. ಆದರೂ ಕೂಟದಲ್ಲಿ ಸಸ್ಯಾಹಾರಿಗಳು ಇದ್ದರೆ ಕುಡಿಯುವ ಮೊದಲೇ ಹೇಳಬೇಕು. ಮೀನಿನ ಅಲರ್ಜಿ ಇರುವವರಿಗೂ ಹೇಳಬೇಕು. ಇದು ಚಿಕ್ಕ ವಿಷಯ ಅಂತ ಬಿಡಬೇಡಿ.

ಹಾಪ್ಸ್‌ಹಿತ್ತಿಲು:
ಗಿನ್ನೆಸ್ ಬೀರ್ ಕಂಪನಿಯವರು ಐಸಿಂಗ್‌ಗ್ಲಾಸ್ ಬಿಡುತ್ತೇವೆ ಅಂತ 2015ರಲ್ಲೇ ಹೇಳಿ, ಆಮೇಲೆ ಬಿಟ್ಟೂ ಬಿಟ್ಟರು. ಅಷ್ಟು ದೊಡ್ಡವರಿಗೆ ಫಿಲ್ಟರ್ ಇದೆ, ನಮಗೆ ಇಲ್ಲ. ಸಸ್ಯಾಹಾರಿಗಳಿಗೆ ಐರಿಶ್ ಮಾಸ್ ಇದೆಯಲ್ಲ?

ಹಸಿರೆಲೆ:
ಐರಿಶ್ ಮಾಸ್ ಕಡಲ ಪಾಚಿ, ಅದು ಸರಿ. ಆದರೆ ಅದನ್ನು ವರ್ಟ್ (ಈಸ್ಟ್ ಹಾಕುವ ಮೊದಲಿನ ಮಾಲ್ಟ್ ರಸ) ಕುದಿಯುವಾಗ ಕೊನೆಯ 10-15 ನಿಮಿಷದಲ್ಲಿ ಹಾಕಬೇಕು. ಅದು ಹಿಡಿಯುವುದು ಪ್ರೋಟೀನನ್ನು, ಈಸ್ಟನ್ನು ಅಲ್ಲ. ಪೀಪಾಯಿಗೆ ಹಾಕಿ ಪ್ರಯೋಜನ ಇಲ್ಲ. ಪೀಪಾಯಿಯ ಹಂತದಲ್ಲಿ ಪ್ರಾಣಿ ಮೂಲ ಬೇಡ ಅಂದರೆ ಸಿಲಿಕಾ ದ್ರಾವಣಗಳಿವೆ. ಇಲ್ಲದಿದ್ದರೆ ತಂಪು ಮತ್ತು ಸಮಯ. ಎಸ್-04ಗೆ ಅವೆರಡೇ ಸಾಕಾಗಬಹುದು.

ಮಂಜುಮಬ್ಬು:
ಬಗ್ಗಡ ಆದರೆ ಏನಾಯಿತು? ಈಗ ಜನ ಮಬ್ಬು ಐಪಿಎ (ಹಾಪ್ಸ್ ಹೂವು ಜಾಸ್ತಿ ಹಾಕಿದ ಏಲ್) ಬೇಕು ಅಂತಲೇ ಹುಡುಕಿಕೊಂಡು ಕುಡಿಯುತ್ತಾರೆ. ಮಣ್ಣಿನ ಮಗ್‌ನಲ್ಲಿ ಕೊಡಿ, ಯಾರಿಗೂ ಕಾಣುವುದಿಲ್ಲ.

ತಳಮಡ್ಡಿ:
ಅದು ಬೇರೆ ಮಬ್ಬು. ಆ ಐಪಿಎಗಳಲ್ಲಿ ಇರುವುದು ಓಟ್ಸ್, ಗೋಧಿಯ ಪ್ರೋಟೀನ್ ಮತ್ತು ಹಾಪ್ಸಿನ ಪಾಲಿಫಿನಾಲ್ (ಒಗರು ಅಂಶ) ಸೇರಿ ಆದ ಮಬ್ಬು. ರುಚಿಯಲ್ಲಿ ಒಗ್ಗುತ್ತದೆ. ತಳದ ಈಸ್ಟ್ ಎದ್ದು ಬಂದ ಬೀರಿನಲ್ಲಿ ಕಹಿ, ಬ್ರೆಡ್ ಹಿಟ್ಟಿನ ವಾಸನೆ, ನಾಲಿಗೆಗೆ ಒರಟು. ಅಭ್ಯಾಸ ಇಲ್ಲದವರಿಗೆ ಮರುದಿನ ಹೊಟ್ಟೆಯೂ ಕೆಡುತ್ತದೆ. ಮಗ್ ಬದಲಿಸಿದರೆ ಅದು ಹೋಗುವುದಿಲ್ಲ.

ಮಂಜುಮಬ್ಬು:
ಸರಿ, ಅದನ್ನು ಒಪ್ಪುತ್ತೇನೆ. ಆದರೆ ಎಲ್ಲ ಬಗ್ಗಡಕ್ಕೂ ಫೈನಿಂಗ್ಸ್ ಸುರಿಯುವವರನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ತಣ್ಣನೆಕೋಣೆ:
ಅದು ಒಳ್ಳೆಯ ಮಾತು. ಬಗ್ಗಡ ಯಾವುದರಿಂದ ಅಂತ ಮೊದಲು ತಿಳಿಯಬೇಕು. ಒಂದು ಲೋಟ ಹಿಡಿದು ಕೋಣೆಯ ಬಿಸಿಗೆ ಬರಲು ಬಿಡಿ. 20 ಡಿಗ್ರಿ ಹತ್ತಿರ ಬಂದಾಗ ತಾನಾಗಿ ತಿಳಿಯಾದರೆ ಅದು ಚಿಲ್ ಹೇಜ್. ಅಂದರೆ ತಣ್ಣಗಾದಾಗ ಪ್ರೋಟೀನ್, ಪಾಲಿಫಿನಾಲ್ ಒಟ್ಟು ಸೇರಿ ಆಗುವ ಮಸುಕು. ಐಸಿಂಗ್‌ಗ್ಲಾಸ್ ಅದಕ್ಕೆ ಅಷ್ಟು ಕೆಲಸ ಮಾಡುವುದಿಲ್ಲ. ಬೀರನ್ನು ಚೆನ್ನಾಗಿ ತಣ್ಣಗೆ ಮಾಡಿ ಜೆಲಟಿನ್ ಹಾಕಿದರೆ ಅದು ಕೆಲಸ ಮಾಡುತ್ತದೆ. ಇಲ್ಲವೇ 11-13 ಡಿಗ್ರಿಯಲ್ಲೇ ಕುಡಿಯಿರಿ, ಮಸುಕು ಅಷ್ಟಾಗಿ ಕಾಣುವುದೇ ಇಲ್ಲ. ಏಲ್‌ಗೆ ಆ ಬಿಸಿಯೇ ಚೆಂದ.

ಬಿಸಿಯಾದರೂ ಮಸುಕು ಹೋಗದಿದ್ದರೆ, ಲೋಟದಲ್ಲಿ ಒಂದು ಹನಿ ಅಯೋಡಿನ್ ಹಾಕಿ. ನೀಲಿ ಕಪ್ಪು ಆದರೆ ಪಿಷ್ಟ ಉಳಿದಿದೆ, ಮ್ಯಾಶ್ (ಮಾಲ್ಟನ್ನು ಬಿಸಿ ನೀರಲ್ಲಿ ನೆನೆಸುವ ಹಂತ) ಸರಿಯಾಗಿ ಆಗಿಲ್ಲ. ಆ ಲೋಟವನ್ನು ಚೆಲ್ಲಿಬಿಡಿ, ಕುಡಿಯಬೇಡಿ. ಯಾವ ಫೈನಿಂಗ್ಸೂ ಅದನ್ನು ಸರಿ ಮಾಡುವುದಿಲ್ಲ. ಹುಳಿ ವಾಸನೆ, ಮೇಲೆ ಬಿಳಿ ಪೊರೆ ಇದ್ದರೆ ಸೋಂಕು. ಅದನ್ನು ಎಲ್ಲಿಗೂ ಒಯ್ಯುವುದು ಬೇಡ.

ಹೊಸಬ22:
ಜೆಲಟಿನ್ ಹೇಗೆ ಹಾಕುವುದು? ಕುದಿಸಬೇಕಾ?

ಗ್ಯಾಸ್‌ಗಾಡಿ:
ಕುದಿಸಬೇಡಿ, ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. 20 ಲೀಟರಿಗೆ ಅರ್ಧ ಟೀ ಚಮಚ ವಾಸನೆ ಇಲ್ಲದ ಜೆಲಟಿನ್, ಅರ್ಧ ಲೋಟ ನೀರು. ತಣ್ಣೀರಲ್ಲಿ ಹತ್ತು ನಿಮಿಷ ನೆನೆಯಲಿ. ಆಮೇಲೆ 65-70 ಡಿಗ್ರಿಗೆ ಬಿಸಿ ಮಾಡಿ, ಕಲಕಿ, ಪೂರ್ತಿ ಕರಗಿದ ಮೇಲೆ ತಣ್ಣನೆಯ ಬೀರಿಗೆ ಸುರಿಯಿರಿ. ಬೀರ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. 2-4 ಡಿಗ್ರಿ ಆದರೆ ತುಂಬಾ ಚೆನ್ನ.

ಮರದಪೀಪಾಯಿ:
ಇಲ್ಲಿ ಒಂದು ಎಚ್ಚರಿಕೆ, ಐಸಿಂಗ್‌ಗ್ಲಾಸ್ ಇದಕ್ಕೆ ಸ್ವಲ್ಪ ಉಲ್ಟಾ. ಬೀರ್ 10-12 ಡಿಗ್ರಿಯಲ್ಲಿ ಇದ್ದು, ಹಾಕಿದ ಮೇಲೆ ಮೆಲ್ಲಗೆ ಒಂದೆರಡು ಡಿಗ್ರಿ ಏರುತ್ತಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಹಾಕಿದ ಮೇಲೆ ತಣ್ಣಗಾಗುತ್ತಾ ಹೋದರೆ ಸೋಮಾರಿ ಆಗುತ್ತದೆ. ಮತ್ತೆ ಐಸಿಂಗ್‌ಗ್ಲಾಸ್ ದ್ರಾವಣವನ್ನೇ ಬೆಚ್ಚಗೆ ಇಟ್ಟರೆ ಕೆಡುತ್ತದೆ. 20 ಡಿಗ್ರಿ ದಾಟಿದರೆ ಅದರ ಕೊಲಾಜೆನ್ ಬಿಚ್ಚಿಕೊಂಡು ಕೆಲಸಕ್ಕೆ ಬಾರದ್ದಾಗುತ್ತದೆ. ಫೈನಿಂಗ್ಸ್ ಕೆಲಸ ಮಾಡಲಿಲ್ಲ ಅಂತ ದೂರುವವರಲ್ಲಿ ಎಷ್ಟೋ ಜನ ಬಾಟಲಿಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿರುತ್ತಾರೆ. ಫ್ರಿಜ್‌ನಲ್ಲಿ ಇಡಿ, ಹೆಪ್ಪುಗಟ್ಟಲು ಬಿಡಬೇಡಿ.

ನೊರೆಗಾರ:
ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ಪರೀಕ್ಷೆ ಇವತ್ತೇ ಶುರು ಮಾಡಿದ್ದೇನೆ. ಒಂದು ಅನುಮಾನ. ಫೈನಿಂಗ್ಸ್ ಹಾಕಬೇಕಾದರೆ ಪೀಪಾಯಿ ಮುಚ್ಚಳ ತೆಗೆಯಬೇಕಲ್ವಾ? ಗ್ಯಾಸ್ ಹೋಗುತ್ತದೆ, ಗಾಳಿ ಬರುತ್ತದೆ.

ತಣ್ಣನೆಕೋಣೆ:
ಅದಕ್ಕೇ ಬಲ್ಬ್ ಉಳಿಸಿಕೊಳ್ಳಿ ಅಂದದ್ದು. ಮೊದಲು ಪೀಪಾಯಿಯನ್ನು ಚೆನ್ನಾಗಿ ತಣ್ಣಗೆ ಮಾಡಿ. ಒತ್ತಡವನ್ನು ಮುಚ್ಚಳದ ದಾರ ಸಡಿಲಿಸಿ ಮೆಲ್ಲಗೆ ಬಿಡಿ, ಅವಸರ ಬೇಡ. ಒಮ್ಮೆಲೇ ತೆಗೆದರೆ ನೊರೆ ಉಕ್ಕುವುದಲ್ಲದೆ ಮಡ್ಡಿಯೂ ಎದ್ದುಬರುತ್ತದೆ. ಐಸಿಂಗ್‌ಗ್ಲಾಸ್ ದ್ರವ ರೂಪದ್ದೇ ಇರಲಿ. ಪುಡಿಯನ್ನು ನೇರ ಹಾಕಿದರೆ ಪ್ರತಿ ಕಣದ ಮೇಲೂ ಗ್ಯಾಸ್ ಗುಳ್ಳೆ ಕಟ್ಟಿ ಬೀರ್ ಉಕ್ಕಿ ನೆಲಕ್ಕೆ ಹರಿಯುತ್ತದೆ. ಹಾಕಿ, ಮುಚ್ಚಿ, ಕೂಡಲೇ ಒಂದು ಬಲ್ಬ್ ಬಿಡಿ. ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ಒಂದಿಷ್ಟು ಹೊರಗೆ ಬಿಟ್ಟು, ಬಿಗಿ ಮಾಡಿ, ಇನ್ನೊಂದು ಬಲ್ಬ್ ಬಿಡಿ. ಒಳಗೆ ಬಂದ ಗಾಳಿ ಬಹುಪಾಲು ಹೋಗುತ್ತದೆ. ಉಳಿದ ಚೂರನ್ನು ಈಸ್ಟ್ ನೋಡಿಕೊಳ್ಳುತ್ತದೆ.

ಇನ್ನೊಂದು, ಈಗ ಪೀಪಾಯಿಯಲ್ಲಿ ಎಷ್ಟು ಜಾಗ ಖಾಲಿ ಇದೆ? ರುಚಿ ನೋಡಿ ನೋಡಿ ಅರ್ಧ ಖಾಲಿ ಮಾಡಿಕೊಂಡು ಒಯ್ಯಬೇಡಿ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಮೇಲೆ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಬೀರ್ ಅಪ್ಪಳಿಸುತ್ತದೆ, ಗ್ಯಾಸ್ ಬಿಡುತ್ತದೆ, ಒಳಗಿನ ಗಾಳಿ ಬೆರೆಯುತ್ತದೆ.

ಗ್ಯಾಸ್‌ಗಾಡಿ:
ಎಲ್ಲರೂ ಮಡ್ಡಿ, ಗಾಳಿ ಅಂತಿದ್ದೀರಿ. ಬಿಸಿಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಗಾಡಿಯಲ್ಲಿ ಅದೇ ದೊಡ್ಡ ಅಪಾಯ.

ಬೀರ್ ಬಿಸಿಯಾದಷ್ಟೂ ಗ್ಯಾಸ್ ಹಿಡಿದುಕೊಳ್ಳುವ ಶಕ್ತಿ ಕಮ್ಮಿ. ಮುಚ್ಚಿದ ಪಾತ್ರೆಯಲ್ಲಿ ಆ ಗ್ಯಾಸ್ ಒತ್ತಡ ಆಗುತ್ತದೆ. ಉದಾಹರಣೆಗೆ 2.4 ವಾಲ್ಯೂಮ್ ಗ್ಯಾಸ್ (ಬೀರಿನ ಗಾತ್ರದ 2.4 ಪಟ್ಟು) ಇರುವ ಬೀರ್ 4 ಡಿಗ್ರಿಯಲ್ಲಿ ಸುಮಾರು 10-11 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ಅದೇ ಬೀರ್ 20 ಡಿಗ್ರಿಯಲ್ಲಿ 26ರ ಆಸುಪಾಸು. ಸ್ಟೀಲ್ ಕೆಗ್‌ಗೆ ಇದು ಲೆಕ್ಕಕ್ಕೇ ಇಲ್ಲ, ಅದನ್ನು 130 ಪಿಎಸ್‌ಐಗೆ ಮಾಡಿರುತ್ತಾರೆ. ಪ್ಲಾಸ್ಟಿಕ್ ಪೀಪಾಯಿ ಹಾಗಲ್ಲ. ಸಾಮಾನ್ಯವಾಗಿ 10 ಪಿಎಸ್‌ಐ ಹತ್ತಿರ ವಾಲ್ವ್ ಬಿಡಲು ಶುರು ಮಾಡುತ್ತದೆ. ನಿಮ್ಮ 80 ಗ್ರಾಂ ಸಕ್ಕರೆ ಲೆಕ್ಕದಲ್ಲಿ 12 ಡಿಗ್ರಿಯಲ್ಲಿ ಒತ್ತಡ 8ರ ಹತ್ತಿರ ಇರಬೇಕು. ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ 30 ಡಿಗ್ರಿ ಆಯಿತು ಅಂದರೆ ಅದು 20 ದಾಟುತ್ತದೆ. ವಾಲ್ವ್ ಸರಿ ಇದ್ದರೆ ಗ್ಯಾಸ್ ಹೋಗಿ ಬೀರ್ ಚಪ್ಪೆ. ವಾಲ್ವ್ ಕಟ್ಟಿಕೊಂಡಿದ್ದರೆ ಮುಚ್ಚಳದ ದಾರ, ನಲ್ಲಿಯ ವಾಷರ್, ಎಲ್ಲಿ ದುರ್ಬಲವೋ ಅಲ್ಲಿ ಕಿತ್ತುಬರುತ್ತದೆ.

ಹಾಗಾಗಿ ಹೊರಡುವ ಮೊದಲು ವಾಲ್ವ್ ರಬ್ಬರ್ ನೋಡಿ. ಪೀಪಾಯಿಗೆ ಒದ್ದೆ ಗೋಣಿ ಅಥವಾ ದಪ್ಪ ಕಂಬಳಿ ಸುತ್ತಿ, ಪಕ್ಕದಲ್ಲಿ ಐಸ್ ಚೀಲ ಇಡಿ. ರಾತ್ರಿ ಅಥವಾ ಬೆಳಗಿನ ಜಾವ ಹೊರಡಿ. ಊಟಕ್ಕೆ ಅಂತ ಬಿಸಿಲಲ್ಲಿ ನಿಲ್ಲಿಸಬೇಡಿ.

ಬಿರಡೆ:
ನಲ್ಲಿಯನ್ನು ಮರೆಯಬೇಡಿ. ಹೊರಗೆ ಚಾಚಿಕೊಂಡ ಪ್ಲಾಸ್ಟಿಕ್ ನಲ್ಲಿಗೆ ಏನಾದರೂ ತಾಗಿದರೆ ಅರ್ಧ ತಿರುವು ಸಾಕು, ಗಾಡಿ ತುಂಬಾ ಬೀರ್. ಹಿಡಿಕೆಯನ್ನು ಟೇಪ್ ಹಾಕಿ ಬಿಗಿಯಿರಿ. ನಲ್ಲಿಯ ಕಡೆ ಖಾಲಿ ಬಕೆಟ್ ಒಂದನ್ನು ಮಗುಚಿ ಅಡ್ಡ ಇಡಿ.

ಹಿಂದಿನ ಸೀಟಿನ ಕಾಲಿಡುವ ಜಾಗ ಪೀಪಾಯಿಗೆ ಒಳ್ಳೆಯದು. ಎರಡು ಕಡೆ ಸೀಟು ಹಿಡಿದುಕೊಳ್ಳುತ್ತದೆ, ಡಿಕ್ಕಿಗಿಂತ ಕುಲುಕಾಟ ಕಮ್ಮಿ. 23 ಲೀಟರ್ ಅಂದರೆ ಪಾತ್ರೆ ಸೇರಿ 25 ಕಿಲೋ ಮೇಲೆ. ಗಟ್ಟಿ ಬ್ರೇಕ್ ಹಾಕಿದರೆ ಅದು ಎಲ್ಲಿಗೆ ಬರುತ್ತದೆ ಅಂತ ಯೋಚಿಸಿ, ಪಟ್ಟಿ ಕಟ್ಟದೆ ಹೊರಡಬೇಡಿ.

ಗ್ಯಾಸ್‌ಗಾಡಿ:
ಸಿಲಿಂಡರ್ ಒಯ್ಯುವವರಿಗೂ ಒಂದು ಮಾತು. ನಿಲ್ಲಿಸಿ ಕಟ್ಟಿ, ರೆಗ್ಯುಲೇಟರ್ ಬಿಚ್ಚಿಡಿ, ಕಿಟಕಿ ಸ್ವಲ್ಪ ತೆಗೆದಿರಲಿ. ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಗಾಡಿಯಲ್ಲಿ ಸೋರಿದರೆ ತಲೆನೋವು, ನಿದ್ದೆ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಡ್ರೈವರ್‌ಗೆ ಇದು ಬೇಕಾ?

ಮತ್ತೆ ಮನೆಯ ಬೀರನ್ನು ಎಷ್ಟು ಮಾಡಬಹುದು, ಎಷ್ಟು ಒಯ್ಯಬಹುದು ಅನ್ನುವ ಕಾನೂನು ಒಂದೊಂದು ಕಡೆ ಒಂದೊಂದು ಥರ. ನಿಮ್ಮ ಕಡೆಯದ್ದನ್ನು ನೋಡಿಕೊಂಡೇ ಹೊರಡಿ.

ಹೊಸಬ22:
ಮರದ ಪೀಪಾಯಿ ಆದರೆ ಇದೆಲ್ಲ ತಲೆನೋವು ಇರುವುದಿಲ್ಲ ಅಲ್ವಾ? ನೋಡಲೂ ಚೆಂದ.

ಮರದಪೀಪಾಯಿ:
ಹೆಸರು ನೋಡಿ ನಾನು ಹೌದು ಅನ್ನುತ್ತೇನೆ ಅಂದುಕೊಂಡಿರಬಹುದು. ಇಲ್ಲ. ಮರದ್ದು ಇನ್ನೂ ಜಾಸ್ತಿ ಕೆಲಸ ಕೇಳುತ್ತದೆ. ಒಣಗಿದರೆ ಹಲಗೆಗಳ ನಡುವೆ ಸಂದು ಬಿಡುತ್ತದೆ. ಬೀರ್ ತುಂಬುವ ಮೊದಲು ನೀರು ತುಂಬಿ, ಮರ ಉಬ್ಬಿ ಸಂದು ಮುಚ್ಚುವವರೆಗೆ ಕಾಯಬೇಕು. ಮರದ ಒಳಗೆ ಸೇರಿಕೊಂಡ ಸೂಕ್ಷ್ಮಜೀವಿಗಳನ್ನು ಪೂರ್ತಿ ತೆಗೆಯುವುದು ಯಾರಿಂದಲೂ ಆಗದ ಮಾತು. ಹುಳಿ ಬೀರ್ ಮಾಡುವವರಿಗೆ ಅದೇ ಬೇಕು, ಪೇಲ್ ಏಲ್ ಮಾಡುವವರಿಗೆ ಬೇಡ. ಈಗ ಕಾಸ್ಕ್ ಅಂದರೆ ಬಹುಪಾಲು ಸ್ಟೀಲ್ ಅಥವಾ ಪ್ಲಾಸ್ಟಿಕ್.

ನನಗೆ ಇಷ್ಟವಾದ ಅಳತೆ ಪಿನ್, 4.5 ಇಂಪೀರಿಯಲ್ ಗ್ಯಾಲನ್, ಹತ್ತಿರ ಹತ್ತಿರ 20.5 ಲೀಟರ್. ಒಬ್ಬರೇ ಎತ್ತಬಹುದು. ಫರ್ಕಿನ್ ಅದರ ಎರಡರಷ್ಟು, 41 ಲೀಟರ್. ಅದನ್ನು ಒಬ್ಬರೇ ಗಾಡಿಗೆ ಹತ್ತಿಸಲು ಹೋಗಿ ಸೊಂಟ ಕಳೆದುಕೊಳ್ಳಬೇಡಿ.

ಹಾಪ್ಸ್‌ಹಿತ್ತಿಲು:
ಪ್ಲಾಸ್ಟಿಕ್ ಚೀಲದ ಪಾಲಿಪಿನ್ ಯಾರೂ ಹೇಳಲಿಲ್ಲ. ರಟ್ಟಿನ ಪೆಟ್ಟಿಗೆಯೊಳಗೆ ಮಡಚಿಕೊಳ್ಳುವ ಚೀಲ. ಬೀರ್ ಕಮ್ಮಿಯಾದ ಹಾಗೆ ಚೀಲ ಕುಗ್ಗುತ್ತದೆ, ಗಾಳಿ ಒಳಗೆ ಬರುವುದೇ ಇಲ್ಲ. ತುಂಬಿದ ಮೇಲೆ ಮೇಲಿನ ಗಾಳಿಯನ್ನು ಒತ್ತಿ ತೆಗೆದು ಮುಚ್ಚಿದರೆ ಸಿಲಿಂಡರೇ ಬೇಡ. ಗ್ಯಾಸ್ ಜಾಸ್ತಿ ಇರುವ ಬೀರಿಗೆ ಆಗುವುದಿಲ್ಲ, ಚೀಲ ಚೆಂಡಿನ ಹಾಗೆ ಉಬ್ಬುತ್ತದೆ. ಮೆದು ಗ್ಯಾಸಿನ ಏಲ್‌ಗೆ ಬಹಳ ಒಳ್ಳೆಯದು. ತಳಮಡ್ಡಿಯವರ ವಾದ ಇದರಲ್ಲಿ ಗೆಲ್ಲುತ್ತದೆ.

ತಳಮಡ್ಡಿ:
ಕೊನೆಗೂ ಒಬ್ಬರು ಸಿಕ್ಕಿದರು!

ಮರದಪೀಪಾಯಿ:
ಪಾಲಿಪಿನ್ ಆದರೆ ನಾನೂ ಒಪ್ಪುತ್ತೇನೆ. ಬೀರ್ ಇಳಿಸುವಾಗ ಕೊಳವೆಯ ತುದಿ ತಳ ಮುಟ್ಟುವಂತೆ ಇಟ್ಟು, ಸದ್ದಿಲ್ಲದೆ ತುಂಬಬೇಕು. ಚಿಮ್ಮಿಸಿದರೆ ಎಲ್ಲ ವ್ಯರ್ಥ.

ನೊರೆಗಾರ:
ಬಾಟಲಿಗಳ ಸುದ್ದಿ. ಬೆಳಿಗ್ಗೆ ನೋಡಿದಾಗ ಐಸಿಂಗ್‌ಗ್ಲಾಸ್ ಹಾಕಿದ್ದು ಪೂರ್ತಿ ತಿಳಿ. ತಳದಲ್ಲಿ ಹತ್ತಿಯಂಥ ಸಡಿಲ ಮಡ್ಡಿ. ಏನೂ ಹಾಕದ್ದು ಮೇಲಿನ ಮೂರನೇ ಒಂದು ಭಾಗ ತಿಳಿ, ಕೆಳಗೆ ಇನ್ನೂ ಮಸುಕು. ಬೇಕಂತಲೇ ಎರಡನ್ನೂ ಮತ್ತೆ ಕದಡಿ ನಿಲ್ಲಿಸಿದೆ. ಐಸಿಂಗ್‌ಗ್ಲಾಸಿನದ್ದು ಮತ್ತೆ ಮೊದಲು ಇಳಿಯಿತು.

ಹಾಗಾಗಿ ನಿರ್ಧಾರ ಮಾಡಿದೆ. ಪೀಪಾಯಿ ಹೇಗಿದೆಯೋ ಹಾಗೇ, ಫೈನಿಂಗ್ಸ್ ಇಲ್ಲೇ ಹಾಕಿ, ಗುರುವಾರ ರಾತ್ರಿ ಹೊರಡುತ್ತೇನೆ. ಬರುವವರಿಗೆಲ್ಲ ಮೀನಿನ ವಿಷಯ ಮೊದಲೇ ತಿಳಿಸಿದ್ದೇನೆ.

ತಣ್ಣನೆಕೋಣೆ:
ಚೆನ್ನಾಯಿತು. ಅಲ್ಲಿ ಇಳಿಸಿದ ಕೂಡಲೇ ಸುರಿಯುವ ಜಾಗದಲ್ಲೇ ಇಡಿ. ಆಮೇಲೆ ಇಂಚೂ ಸರಿಸಬೇಡಿ. ಬಲವಾದ ಮೇಜು ಇರಲಿ, ನಲ್ಲಿಯ ಕೆಳಗೆ ಲೋಟ ಹಿಡಿಯುವಷ್ಟು ಜಾಗ ಇರಲಿ. ಪೀಪಾಯಿಯ ಹಿಂಭಾಗದ ಅಡಿಗೆ ತೆಳುವಾದ ಹಲಗೆ ಚೂರು ಈಗಲೇ ಕೊಡಿ. ಕೊನೆಗೆ ಬೀರ್ ಕಮ್ಮಿಯಾದಾಗ ಬಗ್ಗಿಸಲು ಹೋದರೆ ಮಡ್ಡಿ ಎಲ್ಲ ನಲ್ಲಿಗೆ ಬರುತ್ತದೆ.

ಬಿರಡೆ:
ಮೇಜಿನ ಮೇಲೆ ಸ್ಪೀಕರ್ ಇಡಬೇಡಿ. ಅದೇ ಮೇಜಿನ ಮೇಲೆ ಯಾರೂ ಕೂರುವುದೂ ಬೇಡ.

ನೊರೆಗಾರ:
ಭಾನುವಾರದ ವರದಿ. ಬೀರ್ ತಿಳಿಯಾಗೇ ಬಂತು. ತಲುಪಿದಾಗ ಒಂದು ಲೋಟ ಹಿಡಿದು ನೋಡಿದೆ, ಗಂಜಿ ನೀರಿನ ಬಣ್ಣ. ಶುಕ್ರವಾರ ಸಂಜೆಗೆ ಅರ್ಧ ತಿಳಿಯಾಗಿತ್ತು. ಶನಿವಾರ ಮಧ್ಯಾಹ್ನ ನಲ್ಲಿಯಲ್ಲಿ ನಿಂತಿದ್ದ ಮೊದಲ ಅರ್ಧ ಲೋಟ ಚೆಲ್ಲಿದ ಮೇಲೆ ಬಂದದ್ದು ಮನೆಯಲ್ಲಿ ಇದ್ದಷ್ಟೇ ತಿಳಿ. ಪೀಪಾಯಿಗೆ ಸುತ್ತಿದ ಒದ್ದೆ ಗೋಣಿಯನ್ನು ಕೂಟ ಮುಗಿಯುವವರೆಗೂ ಒದ್ದೆ ಇಟ್ಟಿದ್ದೆವು. ಒತ್ತಡ ಕಮ್ಮಿಯಾದಾಗ ಒಂದು ಬಲ್ಬ್ ಬಿಟ್ಟೆ. ಕೊನೆಯ ಎರಡು ಲೀಟರ್ ಬಗ್ಗಡ ಬಂತು, ಅದನ್ನು ಬಿಟ್ಟುಬಿಟ್ಟೆವು.

ತಳಮಡ್ಡಿ:
ಸಂತೋಷ. ಆದರೂ ಆ ಎರಡು ಲೀಟರ್ ಮನೆಯಲ್ಲೇ ಬಿಟ್ಟು ಬಂದಿದ್ದರೆ ಶುಕ್ರವಾರವೇ ಕುಡಿಯಬಹುದಿತ್ತು ಅನ್ನುವುದು ನನ್ನ ವಾದ. ಪಾಲಿಪಿನ್‌ನಲ್ಲಿ ಒಮ್ಮೆ ನೋಡಿ.

ನೊರೆಗಾರ:
ಮುಂದಿನ ಸಲ ಎರಡೂ ಒಯ್ದು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಈಗ ತುರ್ತಿನ ಪ್ರಶ್ನೆ, ಪೀಪಾಯಿಯ ಒಳಗೆ ಮಡ್ಡಿ ಒಣಗಿ ಅಂಟಿಕೊಂಡಿದೆ. ಬ್ರಷ್ ಹಾಕಿ ಉಜ್ಜಬಹುದಾ?

ಬಿರಡೆ:
ಒರಟು ಬ್ರಷ್ ಬೇಡ. ಪ್ಲಾಸ್ಟಿಕ್‌ನಲ್ಲಿ ಗೀರು ಬಿದ್ದರೆ ಬ್ಯಾಕ್ಟೀರಿಯಾ ಅಲ್ಲೇ ಮನೆ ಮಾಡುತ್ತದೆ. ಸೋಡಿಯಂ ಪರ್‌ಕಾರ್ಬೊನೇಟನ್ನು ಪೊಟ್ಟಣದ ಅಳತೆಯಲ್ಲಿ, ಕೈ ತಾಳುವಷ್ಟು ಬಿಸಿ ನೀರಲ್ಲಿ ಕಲಸಿ ತುಂಬಿ ರಾತ್ರಿ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಅದು ಆಮ್ಲಜನಕ ಬಿಡುತ್ತಿರುತ್ತದೆ. ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ನಲ್ಲಿಯನ್ನು ಪೂರ್ತಿ ಬಿಚ್ಚಿ ಅದೇ ನೀರಲ್ಲಿ ನೆನೆಸಿ. ಜಾಸ್ತಿ ಕೊಳೆ ಕೂತಿರುವುದು ಅಲ್ಲೇ.

ಗ್ಯಾಸ್‌ಗಾಡಿ:
ವಾಲ್ವ್ ರಬ್ಬರನ್ನೂ ಬಿಚ್ಚಿ ತೊಳೆಯಿರಿ. ಗಟ್ಟಿಯಾಗಿದ್ದರೆ ಈಗಲೇ ಹೊಸದು ಹಾಕಿ.